ತಲೆ, ಬಾಲ

ಫೋರ್ಟಿನ ರಾತ್ರಿಶಾಲೆ. ಮೂರನೇ ಮಾಳಿಗೆ.
ಹಗಲಿಡೀ ಗುಜರಾತಿ ಮಕ್ಕಳು ಕೂತೆದ್ದ ಬೆಂಚು
ಏಳೂವರೆಯ ಮೇಲೆ ನಮ್ಮದು.
ಪ್ರಯೋಗಶಾಲೆಯೆಂದರೆ ನನ್ನ ಕೈಚೀಲ:
ಕೆಳಗಿನ ದವಾಖಾನೆಯ ಕಂಪೌಂಡರ್ ಕೊಟ್ಟ ಅಯೋಡಿನ್ ಸೀಸೆ,
ಚರ್ಚ್‌ಗೇಟಿನ ಹೊರಗೆ ಲೋಖಂಡೆಬಾಯಿಯ ಬಳಿ
ಚೌಕಾಸಿಯಿಲ್ಲದೆ ಕೊಂಡ ಒಂದು ಜೋಳದ ತೆನೆ.
ಸುಡಬೇಡವೇ, ಅಂತ ಎರಡು ಸಲ ಕೇಳಿದ್ದಳು,
ಹಸಿಯದು ತಿನ್ನುವ ಹೆಂಗಸನ್ನು
ಇವತ್ತೇ ಕಂಡೆ ಅನ್ನುವ ಹಾಗೆ.

ಕಾಳನ್ನು ಉಗುರಲ್ಲಿ ಸೀಳಿ ಒಂದು ಹನಿ ಬಿಟ್ಟೆ.
ಕಂದು ತಾಗಿದ್ದೇ ತಡ
ಮಸಿಯಂಥ ನೀಲಿ.
ಸಿಪ್ಪೆಗೆ ಬಿಟ್ಟೆ: ಕಂದು ಕಂದಾಗಿಯೇ ಉಳಿಯಿತು.
ಒಂದರಲ್ಲಿ ಪಿಷ್ಟ, ಇನ್ನೊಂದು ಸೆಲ್ಯುಲೋಸು,
ಪೋಣಿಸಿದ್ದು ಮಾತ್ರ ಒಂದೇ ಸಕ್ಕರೆ, ಎಂದೆ.
ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು.
ನಸುಕಿಗೆದ್ದು ದೋಸೆಹಿಟ್ಟು ಹೊತ್ತ ಹೆಗಲುಗಳು;
ಗ್ಲೂಕೋಸು ಅಂದರೆ ಅವರಿಗೆ ಬಿಸ್ಕತ್ತು.

"ಒಂದೇ ಸಕ್ಕರೆ ಆದ್ರೆ
ಸಿಪ್ಪೆ ಯಾಕೆ ತಿನ್ಲಿಕ್ಕೆ ಆಗುದಿಲ್ಲ, ಟೀಚರ್?"
ವಾಮನ ಕಾಂಚನ್. ಬೋರಾ ಬಜಾರಿನ ಹೋಟೆಲಲ್ಲಿ
ಲೋಟ ತೊಳೆಯುವವನು.

ಬೋರ್ಡಿನ ಮೇಲೆ ಆರು ಮೂಲೆಯ ಉಂಗುರ ಬರೆದೆ,
ಪಕ್ಕಕ್ಕೊಂದು, ಅದರ ಪಕ್ಕಕ್ಕೊಂದು.
ಕೆಳಗಿನ ಸಾಲಿನಲ್ಲಿ ಒಂದು ನೇರ, ಒಂದು ಮಗುಚಿ.
ಸೀಮೆಸುಣ್ಣ ಮುರಿಯಿತು.
ಅವನು ಕತ್ತು ಓರೆ ಮಾಡಿ ನೋಡುತ್ತಲೇ ಇದ್ದ.
ಆಮೇಲೆ, ಯಾರನ್ನೂ ಉದ್ದೇಶಿಸದೆ, "ಬೂತಾಯಿ" ಅಂದ.

"ನಮ್ಮಮ್ಮ ಮಲ್ಪೆಯಲ್ಲಿ ಬುಟ್ಟಿ ತುಂಬುದು ಎರಡು ನಮೂನೆ.
ಎಲ್ಲ ತಲೆ ಒಂದೇ ಬದಿಗಿಟ್ರೆ
ಬಾಲ ಸಪೂರ ಅಲ್ವಾ, ಸಾಲು ತನ್ನಿಂದ ತಾನೇ ಬಗ್ತದೆ,
ಚಕ್ಕುಲಿ ಹಾಗೆ ಸುತ್ತಿ ಕೂರ್ತದೆ. ನಡುವೆ ಜಾಗ ಉಂಟು.
ಒಂದರ ತಲೆ, ಒಂದರ ಬಾಲ,
ಪುನಃ ತಲೆ, ಪುನಃ ಬಾಲ ಇಟ್ರೆ
ಸಾಲು ಸೀದಾ. ಸಾಲಿಗೆ ಸಾಲು ಅಂಟಿದ ಮೇಲೆ
ಬೆರಳು ಸಹ ತೂರುದಿಲ್ಲ.
ಮೀನು ಅದೇ."

ನಾಲ್ಕು ವರ್ಷ ಉರು ಹೊಡೆದು ಪಡೆದ ಪದವಿಯಲ್ಲಿ
ಮೀನಿರಲಿಲ್ಲ.
ಆ ನಡುವಿನ ಜಾಗಕ್ಕೆ ಅಯೋಡಿನ್ ಹೊಕ್ಕರೆ ನೀಲಿ,
ಎಂದಷ್ಟೇ ಸೇರಿಸಿದೆ.
ನಮ್ಮ ಹೊಟ್ಟೆಗೆ ಸುರುಳಿ ಬಿಚ್ಚಲು ಬರುತ್ತದೆ,
ತಲೆ-ಬಾಲದ ಕೀಲು ಬಿಡಿಸಲು ಬಾರದು.

ಬೆಂಚಿಗೆ ಮರಳುವಾಗ ಅವನ ಮೊಣಕೈ ತಾಗಿ
ಸೀಸೆ ಉರುಳಿತು. ತೋಳಿನ ಅಂಚಿಗೆ ನಾಲ್ಕು ಹನಿ.
ನೀಲಿ! ಕಡುನೀಲಿ!
"ಹತ್ತಿ ಸಿಪ್ಪೆಯ ಜಾತಿ ಅಂದಿರಲ್ಲ, ಟೀಚರ್?"
ತರಗತಿಗೆ ಈಗ ನಿಜವಾಗಿ ಎಚ್ಚರ.
ವಾಮನ ತಲೆ ತಗ್ಗಿಸಿದ.
"ಗಂಜಿ," ಅಂದ.

ಹೋಟೆಲಿನ ಅನ್ನ ಬಸಿದ ತಿಳಿ.
ರಾತ್ರಿ ಹನ್ನೊಂದಕ್ಕೆ ಇರುವ ಒಂದೇ ಅಂಗಿಯನ್ನು ಅದರಲ್ಲದ್ದಿ
ತಂತಿಗೆ ಹಾಕಿ, ಬೆಳಿಗ್ಗೆ
ಬಿಸಿನೀರಿನ ಚೊಂಬಿನ ತಳದಿಂದ ತೀಡಿ,
ಸಂಜೆ ಇಲ್ಲಿಗೆ ಬರುವಾಗ ಗುಮಾಸ್ತನಂತೆ ಕಾಣಬೇಕು.
ನೆಟ್ಟಗಿನ ನೂಲು ತಾನಾಗಿ ಮುದುಡುತ್ತದೆ,
ಸೆಟೆದು ನಿಲ್ಲಲು
ಬಾಗಿದ ಒಡಹುಟ್ಟು ಬೇಕಾಗುತ್ತದೆ.
ಇದನ್ನು ನಾನು ಬೋರ್ಡಿನ ಮೇಲೆ ಬರೆಯಲಿಲ್ಲ.

ಮರುದಿನ ತೋಳು ಬೆಳ್ಳಗಿತ್ತು.
"ಲಿಂಬೆ ಕಡಿ ತಿಕ್ಕಿದೆ, ಹೋಯ್ತು. ಅದ್ಯಾಕೆ?"
ಅದಕ್ಕೆ ಇನ್ನೊಂದು ಪಾಠ ಬೇಕು, ಎಂದೆ.

ಪ್ರಯೋಗದ ರಾತ್ರಿ ಉಳಿದ ತೆನೆಯನ್ನು ಲೋಖಂಡೆಬಾಯಿಗೇ ಕೊಟ್ಟಿದ್ದೆ.
ಕೆಂಡ ಆರಿಸಿ, ದಿನದ ಸಿಪ್ಪೆಯನ್ನೆಲ್ಲ
ಗೋಣಿಗೆ ತುಳಿದು ತುಂಬುತ್ತಿದ್ದಳು:
ಜೋಗೇಶ್ವರಿಯಲ್ಲಿ ಭಾವನ ಎಮ್ಮೆಗಳಿವೆ,
ಸರಕಿನ ಡಬ್ಬಿಯಲ್ಲಿ ಗೋಣಿಯ ಮೇಲೆಯೇ ಕೂತು ಹೋಗುತ್ತಾಳೆ.
ಎಮ್ಮೆಗೆ ಆ ಕೀಲು ಬಿಡಿಸುವುದು ಗೊತ್ತು,
ಅಥವಾ ಎಮ್ಮೆಯ ಹೊಟ್ಟೆಯ ಕಾಣದ ಬಾಡಿಗೆದಾರರಿಗೆ.
ಬೋರಾ ಬಜಾರಿನ ಚಹಾದಲ್ಲಿ ಯಾವ ಎಮ್ಮೆಯ ಹಾಲೋ,
ಲೋಟ ತೊಳೆಯುವವನು ಕೇಳುವುದಿಲ್ಲ.

ಬೀದಿದೀಪಕ್ಕೆ ಹಿಡಿದು ನೋಡಿದಳು
ನಡುವೆ ಒಂದೇ ಒಂದು ನೀಲಿ ಕಾಳು.
"ವಿಷವೋ?"
ಮಸಿ, ಎಂದು ಸುಳ್ಳು ಹೇಳಿದೆ.
ಆ ಕಾಳನ್ನು ಕಿತ್ತೆಸೆದು,
ತೆನೆಯನ್ನು ಗೋಣಿಗೆ ಹಾಕದೆ,
ನಾಳೆಯ ರಾಶಿಯ ತಳಕ್ಕೆ ಸೇರಿಸಿದಳು.