ಸ್ಥಿರ ಜಲಮಟ್ಟ

ತಿಂಗಳಿಗೊಮ್ಮೆ ತಾವರಗೇರಾದಲ್ಲಿ
ಸಂತೆಕಟ್ಟೆಯ ಹಿಂದಿನ ಬಾವಿಗೆ ಟೇಪು ಇಳಿಸುತ್ತೇನೆ.
ತುದಿಗೆ ಸೀಮೆಸುಣ್ಣ.
ಮೇಲೆಳೆದಾಗ ಬಿಳುಪು ಎಲ್ಲಿ ಕಪ್ಪಿಟ್ಟಿದೆಯೋ
ಅಲ್ಲಿಗೆ ನೀರು.

ವಹಿಯಲ್ಲಿ ಬರೆಯುತ್ತೇನೆ:
ಸ್ಥಿರ ಜಲಮಟ್ಟ, ಹದಿನೆಂಟು ಮೀಟರು ನಲವತ್ತು.
ಸ್ಥಿರವೆಂಬುದು ಹೆಸರಿಗೆ.
ಹೋದ ತಿಂಗಳು ಹದಿನೇಳಿತ್ತು.

ಈ ಬಾವಿ ತೋಡಿದವರಲ್ಲಿ ಉಳಿದವನೊಬ್ಬನೇ,
ಯಂಕೋಬಜ್ಜ.
ಬೀಡಿ ಆರಿಸಿ ಕೇಳುತ್ತಾನೆ: ‘ಏರೇತೇನವಾ?’

‘ಅಂಕಿ ಏರೇತಿ, ಅಜ್ಜ. ನೀರು ಇಳದೈತಿ.’

‘ಅದೆಂಥಾ ಲೆಕ್ಕ!
ನೀವು ದಡದಾಗ ನಿಂತು ಕೆಳಗ ಎಣಸ್ತೀರಿ,
ಇಲ್ಲದ್ದನ್ನ ಅಳೀತೀರಿ.
ನಾವು ತಳದಾಗ ನಿಂತು ಮ್ಯಾಲ ಎಣಸ್ತಿದ್ವಿ:
ಎರಡಾಳು ನೀರು, ಮೂರಾಳು ನೀರು.
ಹೆಗಲ ಮ್ಯಾಲ ಹೆಗಲು.
ಇವತ್ತೆಷ್ಟಾಳು, ಹೇಳು.’

ಬಾವಿ ಇಪ್ಪತ್ತು ಮೀಟರು.
ಕಳೆಯುತ್ತೇನೆ, ಬೆರಳು ಮಡಚಿ.
ಆಳ ಬರೆದು ಬರೆದು
ಆಳು ಮರೆತ ಕೈ.

‘ಒಂದಾಳು, ಅಜ್ಜ.
ಅದೂ ನನ್ನಂಥ ಗಿಡ್ಡಾಳು.’

ಬಗ್ಗಿ ನೋಡುತ್ತಾನೆ, ಬಹಳ ಹೊತ್ತು,
ಪಾರಿವಾಳಗಳು ಕಲ್ಲಸಂದಿಗೆ ಮರಳುವವರೆಗೆ.

‘ನಿಂತಾಳೋ, ಕುಂತಾಳೋ?’

ಷರಾ ಎಂಬ ಕಾಲಮ್ಮು ಖಾಲಿಯಿದೆ.
ಟೇಪಿನ ಕಪ್ಪು
ಅಷ್ಟರಲ್ಲಾಗಲೇ ಬಿಸಿಲಿಗೆ ಬೆಳ್ಳಗಾಗಿದೆ.