ಪ್ಲೇಟಿನ ಕೊನೆಗೆ

ಕೂತ್ಕೊಳಪ್ಪ. ಆ ಕುರ್ಚಿ ಬೇಡ,
ಅದರ ಮೇಲೆ ನಲವತ್ತು ಪ್ಲೇಟು ಮಲಗಿವೆ.
ಪೆನ್‌ಷನ್ ಮೊಹಲ್ಲದಲ್ಲಿ ಯಾರು ಸತ್ತರೂ
ತಿಥಿ ಮುಗಿದ ಮಾರನೇ ದಿನ ನನಗೊಂದು ಫೋನು:
"ಅಟ್ಟದ ಮೇಲೆ ಕಪ್ಪು ತಟ್ಟೆಗಳಿವೆ, ತಗೊಂಡು ಹೋಗ್ತೀರಾ,
ಗುಜರಿಯವನು ಕೇಜಿಗೂ ಬೇಡ ಅಂತಾನೆ."
ಹೋಗ್ತೀನಿ. ಗೋಣಿಚೀಲ, ಹಳೇ ಪಂಚೆ, ತಳ್ಳಿಕೊಂಡು ಸೈಕಲ್ಲು.
ಅರಗಿನ ಪ್ಲೇಟು ಹಸುಗೂಸಿದ್ದ ಹಾಗೆ,
ಎರಡೂ ಕೈ ಕೊಡಬೇಕು.

ನಾನು ಹಾಸನದ ದೊಡ್ಡ ಪೋಸ್ಟಾಫೀಸಿನಲ್ಲಿ
ರೇಡಿಯೋ ಲೈಸೆನ್ಸಿನ ಕಿಟಕಿಯ ಗುಮಾಸ್ತ.
ನಿನಗೆ ನಗು. ಹೌದು ಕಣಯ್ಯ,
ಹಾಡು ಕೇಳೋಕೂ ಆಗ ಸರ್ಕಾರದ ಅಪ್ಪಣೆ,
ವರ್ಷಕ್ಕೆ ಹದಿನೈದು ರೂಪಾಯಿ, ಪುಸ್ತಕದಲ್ಲಿ ಅಂಟಿಸಿದ ಸ್ಟಾಂಪು,
ಸ್ಟಾಂಪಿನ ಮೇಲೆ ನನ್ನ ಮೊಹರು, ಧಡ್.
ಸಾಲಗಾಮೆ ರಸ್ತೆಯಲ್ಲಿ ಎಷ್ಟು ಮರ್ಫಿ, ಎಷ್ಟು ಬುಷ್,
ಯಾವ ಮನೆ ಕದ್ದು ಕೇಳುತ್ತೆ,
ಸಿಲೋನ್ ಹಿಡಿಯೋಕೆ ಯಾರು ತಂತಿಯನ್ನ
ಹಿತ್ತಲ ನುಗ್ಗೆ ಮರಕ್ಕೆ ಕಟ್ಟಿದ್ದಾರೆ,
ಎಲ್ಲ ನನ್ನ ನಾಲಿಗೆ ತುದಿಯಲ್ಲಿ.
ನನ್ನ ಮನೆಯಲ್ಲಿ ಮಾತ್ರ ರೇಡಿಯೋ ಇರಲಿಲ್ಲ.
ಬುಧವಾರ ರಾತ್ರಿ ಹೋಟೆಲಿನ ಬಾಗಿಲಲ್ಲಿ ನಿಂತು
ಒಂದು ಕಾಫಿಗೆ ಒಂದು ಗಂಟೆ ಕೇಳುತ್ತಿದ್ದೆ,
ಮಾಣಿ ಬಂದು ಖಾಲಿ ಲೋಟ ಕಿತ್ತುಕೊಳ್ಳೋವರೆಗೆ.

ನೀನು ಒಯ್ದಿದ್ದ ಪ್ಲೇಟಿನ ವಿಷಯ
ಪೂರ್ತಿ ಹೇಳಿರಲಿಲ್ಲ.
ಲೈಸೆನ್ಸು ರದ್ದಾಗಿ ಕಿಟಕಿ ಮುಚ್ಚಿದ ವರ್ಷ
ಖಲಂದರನ ಗುಜರಿಯಲ್ಲಿ, ಸತ್ತ ಬ್ಯಾಟರಿಗಳ ಕೆಳಗೆ ಸಿಕ್ಕಿದ್ದು.
ಒಂದು ಬದಿ ಹಾಡು, ಇನ್ನೊಂದು ಬದಿ ಬೋಳು.
ಲೇಬಲ್ಲು ಜಿರಳೆಗೆ ಊಟ.
ಆ ಕಾಲದಲ್ಲಿ ಹಾಡು ಮುಗಿದ ಮೇಲೆ
ಹಾಡಿದವರು ತಮ್ಮ ಹೆಸರು ಕೂಗಬೇಕಿತ್ತು,
ಕಡಲಾಚೆ ಪ್ಲೇಟು ಒತ್ತುವವನಿಗೆ
ಯಾರ ದನಿ ಯಾವುದು ಅಂತ ತಿಳಿಯಲಿ ಅಂತ.
ಇವಳೂ ಕೂಗಿದ್ದಾಳೆ. ಸೀಳು ಸರಿಯಾಗಿ ಅಲ್ಲೇ ಹಾಯ್ದಿದೆ:
"ನಾನು" ಟಕ್ "ಮ್ಮ, ಹಾಸನ."

ನಮ್ಮೂರಲ್ಲಿ "ಮ್ಮ" ಅಂತ ಮುಗಿಯದ ಹೆಂಗಸು ಯಾರು?
ಕಟ್ಟಿನಕೆರೆ ಮಾರ್ಕೆಟ್ಟಿನ ಎಲೆ ಮಾರೋ ಮುದುಕಿಯರನ್ನ ಕೇಳಿದೆ.
ಪಿಟೀಲು ರಿಪೇರಿಯ ಮಣಿಯಾಚಾರಿಯನ್ನ ಕೇಳಿದೆ.
"ಅಂಥವರ ಹೆಸರು ನಿಮಗ್ಯಾಕೆ ಸ್ವಾಮಿ?" ಅಂದ.
ಆ "ಅಂಥವರ" ಅನ್ನೋದು
ಪ್ಲೇಟಿನ ಮುಳ್ಳಿಗಿಂತ ಚೂಪು.

ನಿನ್ನ ಕಂಪ್ಯೂಟರು ಒಗ್ಗರಣೆ ಸದ್ದನ್ನೆಲ್ಲ ಸೋಸಿತು.
ಹೆಸರು ಬರಲಿಲ್ಲ, ಅದು ಸೀಳಿನ ಜೊತೆಗೇ ಹೋಗಿದೆ.
ಬಂದದ್ದು ಬೇರೆ:
"ನಾನು" ಅಂದ ಮೇಲೆ, ಟಕ್ಕಿಗೆ ಮುಂಚೆ,
ಅವಳು ನಕ್ಕಿದ್ದಾಳೆ.
ಅಕ್ಕಿ ಕಾಳಷ್ಟು. ಮೂಗಿನಿಂದ.

ರಾತ್ರಿಯೆಲ್ಲ ಅದನ್ನೇ ಕೇಳಿದೆ.
ಬೆಳಗಿನ ಹಾಲಿನವನು ಬರೋ ಹೊತ್ತಿಗೆ ನೆನಪಾಯಿತು
ಈ ನಗು ಮೊದಲು ಎಲ್ಲಿ ಕೇಳಿದ್ದೆ ಅಂತ.

ಅರವತ್ತೊಂಬತ್ತರ ಜನವರಿ. ಹೆರಿಗೆ ಆಸ್ಪತ್ರೆಯ ನರ್ಸು ಜೀವರತ್ನ,
ಕಂಕುಳಲ್ಲಿ ಹೊಸ ಟ್ರಾನ್ಸಿಸ್ಟರು,
ಕಣ್ಣಲ್ಲಿ ರಾತ್ರಿಪಾಳಿ.
"ಯಾರ ಹೆಸರಿಗೆ?" ಅಂದೆ.
"ನನ್ನ ಹೆಸರಿಗೆ."
"ಮನೆಯಲ್ಲಿ ಗಂಡಸರು?"
"ದುಡ್ಡು ನನ್ನದು, ಕೇಳೋಳೂ ನಾನೇ."
ಪೆನ್ನು ಅದ್ದಿ ಬರೆದೆ:
ಅವಳ ಅಪ್ಪನ ಹೆಸರು ಮೊದಲು, ದಪ್ಪಗೆ.
ಅವಳದು ಕೆಳಗೆ, ಸಣ್ಣಗೆ, ಜಾಗ ಸಾಲದೆ
"ಜೀವರ" ಅಂತ ನಿಂತುಹೋಯ್ತು. ಧಡ್.
ಪುಸ್ತಕ ತಿರುಗಿಸಿ ಓದಿದಳು.
ಜಗಳ ಆಡಲಿಲ್ಲ.
ಅಕ್ಕಿ ಕಾಳಷ್ಟು, ಮೂಗಿನಿಂದ, ಅಷ್ಟೇ.

ಕಾಫಿ ಆರ್ತಾ ಇದೆ, ಕುಡಿ.
ಹೊಸ ಲೇಬಲ್ಲು ಕತ್ತರಿಸಿ ಇಟ್ಟಿದ್ದೀನಿ, ದುಂಡಗೆ.
ನೀನೇ ಬರಿ, ನನ್ನ ಕೈ ಬೇಡ.
ಕೆಳಗೆ "ಹಾಸನ" ಅಂತ ಸಣ್ಣಗೆ.
ಮೇಲೆ ಜಾಗ ಬಿಡು,
ಒಂದು ಹೆಸರು ಪೂರ್ತಿ ಹಿಡಿಸೋವಷ್ಟು.