ಮೊದಲು ಒಣಗಿದ್ದು

ಚಾರ್ಜರಿನ ಪಿನ್ನು ಚುಚ್ಚಿದ ಕ್ಷಣ
ಚಾರ್ಜರಿನದೇ ಹಸಿರು ದೀಪ ಆರುತ್ತದೆ.
ತೆಗೆದರೆ ಮತ್ತೆ ಹಸಿರು.
ಅಂದರೆ ಒಳಗೆಲ್ಲೋ ಹತ್ತೊಂಬತ್ತು ವೋಲ್ಟು
ದಾರಿ ಬಿಟ್ಟು ನೆಲ ಹಿಡಿದಿದೆ.

ಅಕ್ರಾದ ಸರ್ಕಲ್ಲು, ಮೇಲ್ಸೇತುವೆಯ ನೆರಳು,
ಕೊಡೆಯಷ್ಟಗಲದ ಅಂಗಡಿ, ಸಂಜೆ.
ಸೇನಮ್ ಕನ್ನಡಕ ಹಣೆಗೇರಿಸಿ ಕೇಳುತ್ತಾಳೆ:
"ಏನು ಚೆಲ್ಲಿದಿರಿ?"
"ಏನೂ ಇಲ್ಲ."
"ಚಹಾ? ಸೋಬೊಲೊ ಷರಬತ್ತು? ಮಗುವಿನ ಉಚ್ಚೆ?"
"ಏನೂ ಇಲ್ಲಮ್ಮ," ಎನ್ನುತ್ತಾನೆ ಒಡಾರ್ಟೆ.
ಎಲ್ಲರೂ ಹಾಗೇ ಅನ್ನುತ್ತಾರೆ.
ಆಮೇಲೆ ಬೋರ್ಡು ಬಾಯಿ ಬಿಡುತ್ತದೆ.

ಒಡಾರ್ಟೆ ಸುಸು ಎತ್ತುವವನು,
ನಮ್ಮ ಕಡೆಯ ಪಿಗ್ಮಿಯ ಹಾಗೆ, ದಿನಕ್ಕಿಷ್ಟು.
ಟೊಮ್ಯಾಟೊ, ಒಣಮೀನು, ಹಳೇ ಬಟ್ಟೆ ಮಾರುವ
ಅರವತ್ತಮೂರು ಹೆಂಗಸರ ಲೆಕ್ಕ
ಈ ಪೆಟ್ಟಿಗೆಯಲ್ಲಿ.
ಡಿಸ್ಕು ಬೋರ್ಡಿಗೇ ಬೆಸೆದದ್ದು, ಕಿತ್ತು ಬೇರೆಡೆ ಹಾಕುವಂತಿಲ್ಲ.
"ಸತ್ತದ್ದು ಯಂತ್ರವೋ ಲೆಕ್ಕವೋ?" ಎಂದು
ಮೀನಿನ ಕಟ್ಟೆಯಲ್ಲಿ ನಿನ್ನೆಯೇ ಯಾರೋ ನಕ್ಕರಂತೆ.
ಅವನು ಸ್ಟೂಲಿನ ತುದಿಯಲ್ಲಿ ಕೂತಿದ್ದಾನೆ.

ಮೀಟರಿನ ಕಪ್ಪು ಕಡ್ಡಿ ನೆಲಕ್ಕೆ,
ಕೆಂಪು ಕಡ್ಡಿ ಕೆಪಾಸಿಟರಿನ ತಲೆಗೆ.
ಕುಂಯ್.
ಪಕ್ಕದ್ದೂ ಕುಂಯ್.
ಮೂವತ್ತಕ್ಕೆ ಮೂವತ್ತೂ ಕುಂಯ್.
ಒಂದೇ ಸಾಲಿಗೆ ಕಟ್ಟಿದವು;
ಒಂದು ಕೆಟ್ಟರೆ ಮೀಟರಿನ ಕಿವಿಗೆ ಎಲ್ಲವೂ ಕೆಟ್ಟವೇ.
ಬಾಯಿಬಡುಕ ಸಲಕರಣೆ,
ಮೀನಿನ ಕಟ್ಟೆಯ ಥರ.

ಆಗ ಸೇನಮ್ ಒಂದೇ ಒಂದು ವೋಲ್ಟು ಸಾಲಿಗೆ ತಾಗಿಸಿ
ಬೋರ್ಡಿನ ಮೇಲೆ ಸ್ಪಿರಿಟ್ಟು ಚಿಮುಕಿಸಿ
ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಸುಮ್ಮನಾದಳು.
ಕುಂಬಳಕಾಯಿ ಕಳ್ಳ ಯಾರೆಂದರೆ
ಹೆಗಲು ಮುಟ್ಟಿ ನೋಡಿಕೊಂಡವನು.
ಇಲ್ಲಿ, ಎಲ್ಲರೂ ನೆಂದಿರುವಾಗ
ಮೊದಲು ಒಣಗಿದವನು.

ಒಣಗಿತು.
ಎಡಮೂಲೆ, ಫ್ಯಾನಿನ ತಿರುಪಿನ ಪಕ್ಕ
ರಾಗಿಕಾಳಿನಷ್ಟು ಕಂದು ಚೂರು,
ಒದ್ದೆಯ ನಡುವೆ ತನ್ನದೇ ಸಣ್ಣ ಬೇಸಿಗೆ ಮಾಡಿಕೊಂಡು.

ಚಿಮಟ ಚಾಚಿದವಳು ತಡೆದಳು.
ಈ ಬೆಸುಗೆ ಕಾರ್ಖಾನೆಯದಲ್ಲ.
ಬಲಕ್ಕೆ ತುಸು ಉಬ್ಬಿ, ಬಾಲ ಎಳೆದ ಸೀಸ.
ಯಾರದೋ ಕೈಬರಹ.
ಅವಳದೇ.
ಹೋದ ಈಸ್ಟರಿಗೆ ಮುಂಚೆ, ಕೆಲಸ ಕಲಿಯುವಾಗ,
ಯಾವುದೋ ಹೆಣದ ಬೋರ್ಡಿನಿಂದ ಕಿತ್ತು ಕೂರಿಸಿದ್ದು.
ಆಮೇಲೆ ಯಂತ್ರ ಕೈಯಿಂದ ಕೈಗೆ ದಾಟಿ
ಇದೇ ಓಣಿಯಲ್ಲಿ ಇವನಿಗೆ ಸಿಕ್ಕಿರಬೇಕು.
ಕೆಪಾಸಿಟರಿನ ಹಣೆಯಲ್ಲಿ ಏನೂ ಬರೆದಿರುವುದಿಲ್ಲ,
ಹದಿನಾರು ವೋಲ್ಟು ತಾಳುವಂಥದೋ ಇಪ್ಪತ್ತೈದೋ.
ಅಳತೆ ಒಂದೇ, ಬಣ್ಣ ಒಂದೇ.
ಹದಿನಾರರದ್ದು ಹತ್ತೊಂಬತ್ತನ್ನು
ಒಂದು ವರ್ಷ ಹೊತ್ತಿದೆ, ಪಾಪ.

ಬಿಸಿಗಾಳಿ. ಚೂರು ಎದ್ದಿತು.
ಹೊಸದು, ಈ ಸಲ ಚೀಟಿ ಇರುವ ರೀಲಿನಿಂದ.
ಹಸಿರು ದೀಪ ಆರಲಿಲ್ಲ.
ಮೂರು ವೋಲ್ಟು ಎದ್ದು ಐದನ್ನು ಎಬ್ಬಿಸಿತು,
ಐದು ಇನ್ಯಾರನ್ನೋ,
ಫ್ಯಾನು ಕೆಮ್ಮಿ ತಿರುಗಿತು.
ಅರ್ಧ ಗಂಟೆ ಕಳೆದು ಹೆಸರುಗಳ ಪಟ್ಟಿ ತೆರೆದಾಗ
ಒಡಾರ್ಟೆ ತುಟಿಯಲ್ಲೇ ಎಣಿಸುತ್ತ ಹೋಗಿ
ಅರವತ್ತಮೂರರಲ್ಲಿ ಉಸಿರು ಬಿಟ್ಟ.

ಅಷ್ಟರಲ್ಲಿ ಕರೆಂಟು ಹೋಯಿತು.
ದುಮ್‌ಸೋರ್ ಅನ್ನುತ್ತಾರೆ ಅಲ್ಲಿ:
ಆರುವುದಕ್ಕೂ ಹೊತ್ತುವುದಕ್ಕೂ ಸೇರಿ ಒಂದೇ ಮಾತು.
ಓಣಿಗೆ ಓಣಿಯೇ ಕಪ್ಪು.
ಎಲ್ಲೋ ಜನರೇಟರಿನ ಹಗ್ಗ ಎಳೆಯುವ ಸದ್ದು,
ಇಲ್ಲಿ ಇವನ ಪರದೆಯೊಂದೇ, ಬ್ಯಾಟರಿ ಎಂಟು ಶೇಕಡಾ.
ಸೇನಮ್‌ಳ ಕೈ ತನ್ನ ಹೆಗಲಿಗೆ ಹೋಯಿತು,
ಅಂಗಿ ಸರಿಮಾಡಿಕೊಂಡಂತೆ.
"ನೀವು ಏನೂ ಚೆಲ್ಲಿಲ್ಲ," ಎಂದಳು.
"ಅದು ನನ್ನ ಕೈಯ ಕೆಲಸ."

ಅವನು ಬೈಯಲಿಲ್ಲ. ದುಡ್ಡಿನ ಮಾತೂ ಎತ್ತಲಿಲ್ಲ.
"ಬರೆದುಕೊಡು," ಎಂದ. "ದೊಡ್ಡಕ್ಷರದಲ್ಲಿ.
ಕಟ್ಟೆಯವರಲ್ಲಿ ಕನ್ನಡಕ ಇರುವವರು ಕಡಿಮೆ.
ಸೀಲೂ ಇರಲಿ."

ಸೀಲಿನ ಪ್ಯಾಡು ಎಂದೋ ಒಣಗಿ ಬಿರಿದಿತ್ತು.
ಅದೇ ಸೀಸೆಯಿಂದ ಎರಡು ಹನಿ ಸ್ಪಿರಿಟ್ಟು ಬಿಟ್ಟು
ಆರುವ ಮೊದಲೇ
ಒತ್ತಿದಳು.